ದೊಡ್ಡ ಅಳತೆಯ ಚಕ್ರ

“ತಪ್ಪನ್ನು ತಿದ್ದಿಕೊಳ್ಳದೆ, ಅದು ಯಾರಿಗೂ ತಾಗದಂತೆ ಬದುಕಿದರೆ ಸಾಲದೇ?” ಎಂದು ಮರಿದೇವ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಯಾವ ತಪ್ಪೆಂದು ಕೇಳಲಿಲ್ಲ. ಮಠದಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೂ ಮರಿದೇವ ಹೇಳಿದ. ಬಚ್ಚಿಟ್ಟು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲವೆಂದು ಅವನಿಗೆ ತಿಳಿದಿತ್ತು.

“ಗುರುಪಾದಯ್ಯನವರು ನನಗೆ ಅಕ್ಷರ ಕಲಿಸಿದವರು. ಹೋದ ವರ್ಷ ಪಾಠದ ನಡುವೆ ಅವರು ಒಂದು ಸಾಲು ಮರೆತರು. ಕಲಿಯಲು ಬಂದವರೆಲ್ಲರ ಎದುರಿಗೆ ನಾನು, ‘ನಿಮ್ಮ ನೆನಪು ಸವೆದಿದೆ, ಇನ್ನು ಹಿಂದೆ ಕುಳಿತು ಕೇಳಿ’ ಎಂದುಬಿಟ್ಟೆ. ಅವರು ಎದ್ದು ಹಿಂದೆ ಹೋಗಿ ಕುಳಿತರು. ಆಡಬಾರದ ಮಾತು ಅದು. ಆಡಿದ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಆದರೆ ಕ್ಷಮೆ ಕೇಳಲು ನಾಲಿಗೆ ಏಳಲಿಲ್ಲ. ಅಂದಿನಿಂದ ಅವರು ಇರುವ ಕಡೆ ನಾನು ಇರುವುದಿಲ್ಲ. ಪಾಠದ ಮನೆ ಬಿಟ್ಟು ದನದ ಕೊಟ್ಟಿಗೆಯ ಕೆಲಸ ವಹಿಸಿಕೊಂಡೆ. ಅವರು ಮೊದಲ ಪಂಕ್ತಿಯಲ್ಲಿ ಉಣ್ಣುತ್ತಾರೆ, ನಾನು ಕೊನೆಯ ಪಂಕ್ತಿಯಲ್ಲಿ. ನನ್ನಿಂದ ಅವರಿಗೆ ಮತ್ತೊಂದು ನೋವು ಆಗಿಲ್ಲ. ಜಗಳವಿಲ್ಲ, ಕೆಟ್ಟ ಮಾತಿಲ್ಲ.”

“ಅವರು ಏನು ಮಾಡುತ್ತಾರೆ?”

“ತಮ್ಮ ಪಕ್ಕದಲ್ಲಿ ಇಂದಿಗೂ ನನಗೊಂದು ಎಲೆ ಹಾಕಿಕೊಂಡು ಕೂರುತ್ತಾರಂತೆ. ಊಟ ಮುಗಿದ ಮೇಲೆ ಆ ಬರಿಯ ಎಲೆಯನ್ನೂ ಮಡಿಚಿ ಎತ್ತುತ್ತಾರಂತೆ. ನಾನು ನೋಡಿಲ್ಲ, ಹುಡುಗರು ಹೇಳುತ್ತಾರೆ. ಹಳೆಯ ರೂಢಿ. ಹಾಕಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ.”

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಬೆಟ್ಟದ ಸಾಲಿನ ಊರುಗಳಿಗೆ ದಿನಸಿ ಒಯ್ಯುವುದು ಅವನ ಕಸುಬು. ಹೋಗುವಾಗ ಉಪ್ಪು, ಬೆಲ್ಲ, ಎಣ್ಣೆ, ದನದ ಹಿಂಡಿ. ಬರುವಾಗ ಹುಣಸೆ, ಸೀಗೆಕಾಯಿ, ಹುರುಳಿ. ಅವನ ಬಳಿ ಒಂದು ಹಳೆಯ ಪಿಕಪ್ ಗಾಡಿಯಿತ್ತು. ಆ ಮಾದರಿಯನ್ನು ತಯಾರಿಸುವುದನ್ನು ಕಂಪನಿ ನಿಲ್ಲಿಸಿ ಬಹಳ ಕಾಲವಾಗಿತ್ತು. ಗಾಡಿ ಮಾತ್ರ ನಿಂತಿರಲಿಲ್ಲ.

ಅವನಿಗೆ ಒಬ್ಬ ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳನ್ನು ಮದುವೆ ಮಾಡಿ ಕೊಟ್ಟದ್ದು ಕಣಿವೆಯ ತಳದ ಒಂದು ಹಳ್ಳಿಗೆ. ಅಲ್ಲಿಗೆ ಇಳಿಯಲು ಇದ್ದದ್ದು ಒಂದೇ ದಾರಿ, ಅದರ ತುಂಬ ಕಡಿದಾದ ತಿರುವುಗಳು. ಬಸ್ಸು ಅಲ್ಲಿ ತಿರುಗದು. ಲಾರಿ ತಿರುಗದು. ಅವನ ಗಾಡಿ ಪ್ರತಿ ತಿರುವನ್ನೂ ಒಂದೇ ಎಳೆತಕ್ಕೆ ತಿರುಗಿಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಇಳಿಯುತ್ತಿದ್ದ. ಮೊದಲ ತಿರುವಿನಲ್ಲಿ ಗಾಡಿಯ ಸದ್ದು ಕೇಳಿದೊಡನೆ ಅಕ್ಕ ಒಲೆಯ ಮೇಲೆ ಎಸರಿಡುತ್ತಿದ್ದಳು. ಗಾಡಿ ಕೊನೆಯ ತಿರುವಿಗೆ ಬರುವಾಗ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಅಕ್ಕನ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಅವಳಿಗೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಯಿತ್ತು. ಪಟ್ಟಣದ ವೈದ್ಯರು ಕಣ್ಣಿಗೆ ಬಿಡುವ ಹನಿ ಕೊಟ್ಟಿದ್ದರು. ಹನಿ ಸರಿಯಾಗಿ ಬಿದ್ದರೆ ಇರುವ ದೃಷ್ಟಿ ಉಳಿಯುತ್ತದೆ, ತಪ್ಪಿದರೆ ಹೋದದ್ದು ಮರಳುವುದಿಲ್ಲ ಎಂದು ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಸೀಸೆಯನ್ನು ತಂಪಿನಲ್ಲಿಡಬೇಕು, ಬಿಸಿಲು ತಾಗಿಸಬಾರದು ಎಂದೂ ಹೇಳಿದ್ದರು. ಒಂದು ಸೀಸೆ ಮುಗಿಯುವ ಮೊದಲೇ ತಮ್ಮ ಇನ್ನೊಂದನ್ನು ತಂದು ಅಕ್ಕನ ಮನೆಯ ನೀರಿನ ಹೂಜಿಯ ಪಕ್ಕದಲ್ಲಿ ಇಡುತ್ತಿದ್ದ. ವೈದ್ಯರು ಹೇಳಿದ ದಿನಕ್ಕೆ ಅವಳನ್ನು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಪಟ್ಟಣಕ್ಕೆ ಕರೆದೊಯ್ಯುತ್ತಿದ್ದ.

ಒಂದು ದಿನ ಪೇಟೆಯ ರಸ್ತೆಯಲ್ಲಿ ಪೈಪು ಹೂಳಲು ತೋಡಿದ್ದ ಗುಂಡಿಗೆ ಗಾಡಿಯ ಮುಂಭಾಗ ಕುಸಿಯಿತು. ಮುಂದಿನ ಎರಡೂ ಚಕ್ರಗಳ ರಿಮ್ ಮಡಿಚಿಕೊಂಡವು, ಟಯರು ಸೀಳಿಹೋದವು. ಬಡಿದು ನೇರ ಮಾಡುವ ಹಾಗಿರಲಿಲ್ಲ. ವ್ಯಾಪಾರಿ ಗುಜರಿ ಅಂಗಡಿಗೆ ಹೋದ.

ಗುಜರಿಯವನು ಎರಡು ಬಗೆ ತೋರಿಸಿದ. ಒಂದು, ಅದೇ ಹಳೆಯ ಅಳತೆಯ ಜೋಡಿ. ಬಣ್ಣ ಹೋಗಿತ್ತು. ರಿಮ್ ಗಟ್ಟಿಯಿತ್ತು, ಟಯರು ಚೆನ್ನಾಗಿತ್ತು. ಇನ್ನೊಂದು, ಅಪಘಾತದಲ್ಲಿ ನುಜ್ಜಾದ ಈಚಿನ ದೊಡ್ಡ ಗಾಡಿಯೊಂದರ ಚಕ್ರಗಳು. ನಾಲ್ಕೂ ಒಟ್ಟಿಗಿದ್ದವು. ಎತ್ತರವೂ ಹೆಚ್ಚು, ಅಗಲವೂ ಹೆಚ್ಚು. ಬೋಲ್ಟಿನ ತೂತುಗಳು ಮಾತ್ರ ಹಳೆಯ ಗಾಡಿಗೂ ಹೊಂದುತ್ತಿದ್ದವು.

ಪೇಟೆಯಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯಿದ್ದ. ಹೊಸ ಗಾಡಿ ಕೊಂಡಿದ್ದ. ಇವನ ಗಾಡಿ ಕಂಡಾಗಲೆಲ್ಲ, “ನಿನ್ನ ಗಾಡಿ ಹೊಟ್ಟೆಯಲ್ಲೇ ರಸ್ತೆ ಗುಡಿಸುತ್ತಲ್ಲಪ್ಪ. ಪಂಚಾಯಿತಿಯವರು ನಿನಗೆ ಕೂಲಿ ಕೊಡಬೇಕು” ಎಂದು ನಾಲ್ಕು ಜನರ ಮುಂದೆ ನಗುತ್ತಿದ್ದ. ಗುಜರಿ ಅಂಗಡಿಯಲ್ಲಿ ನಿಂತಾಗ ವ್ಯಾಪಾರಿಗೆ ಆ ನಗು ನೆನಪಾಯಿತು. ಗಾಡಿಗೆ ಯಾವ ಅಳತೆಯ ಟಯರು ಹಾಕಬೇಕೆಂದು ಬಾಗಿಲ ಪಕ್ಕದ ತಗಡಿನಲ್ಲಿ ಅಚ್ಚಾಗಿತ್ತು. ಅದನ್ನು ಅವನು ಓದಬಲ್ಲ. ಅಂದು ಓದಲಿಲ್ಲ. ದೊಡ್ಡ ಚಕ್ರಗಳನ್ನು ಕೊಂಡ.

ಗ್ಯಾರೇಜಿನ ಮೇಸ್ತ್ರಿ ನಾಲ್ಕನ್ನೂ ಹಾಕಿದ. ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಇಬ್ಬರೂ ಬಗ್ಗಿ ನೋಡಿದರು. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟು ಜಾಗವಿತ್ತು. ಸಾಕು ಎಂದರು. ನೋಡಿದ್ದು ಖಾಲಿ ಗಾಡಿಯನ್ನು, ಸಮನೆಲದಲ್ಲಿ. ತುಂಬಿದ ಗಾಡಿ ಇಳಿಜಾರಿನಲ್ಲಿ ಮುಂದಕ್ಕೆ ಕುಗ್ಗುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಇದು ತಪ್ಪು. ಆದರೆ ಸಣ್ಣ ತಪ್ಪು, ಮರಿದೇವ. ಯಾರಿಂದಲೂ ಆಗಬಹುದಾದದ್ದು. ನಾನು ಹೇಳಹೊರಟದ್ದು ಇದನ್ನಲ್ಲ.

ಗಾಡಿಯ ಹಿಂದಿನ ಎರಡು ಹಳೆಯ ಚಕ್ರಗಳಿಗೆ ಏನೂ ಆಗಿರಲಿಲ್ಲ. ಮೇಸ್ತ್ರಿ ಅವನ್ನು ಬಿಚ್ಚಿ ಗ್ಯಾರೇಜಿನ ಮುಂದಿನ ಬೇವಿನ ಮರಕ್ಕೆ ಒರಗಿಸಿದ. ವ್ಯಾಪಾರಿ ಹೊಸ ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟು ಗಾಡಿ ಹೊರಡಿಸಿದ. ಪೇಟೆಯವರು ನಿಂತು ನೋಡಿದರು. ಹಳೆಯ ಗಾಡಿ ಎತ್ತರವಾಗಿ, ಎದೆ ಮುಂದೆ ಮಾಡಿಕೊಂಡು ಹೋಗುವಂತೆ ಕಾಣುತ್ತಿತ್ತು. ಎಣ್ಣೆ ವ್ಯಾಪಾರಿಯೂ ನೋಡಿದ. ಏನೂ ಅನ್ನಲಿಲ್ಲ. ಅವನ ಬಾಯಿ ಮುಚ್ಚಿದ್ದೇ ಇವನಿಗೆ ಸಾಕಾಗಿತ್ತು.

ಆ ವಾರ ಲೋಡು ತುಂಬಿಕೊಂಡು ಕಣಿವೆಗೆ ಇಳಿದ. ಮೊದಲ ತಿರುವಿನಲ್ಲಿ ಭಾರವೆಲ್ಲ ಮುಂದಕ್ಕೆ ಬಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿತು. ಟಯರು ಮಡ್‌ಗಾರ್ಡಿಗೆ ತಾಗಿ ಕಿರುಚಿತು. ಸುಟ್ಟ ರಬ್ಬರಿನ ವಾಸನೆ ಬಂತು. ಪ್ರತಿ ತಿರುವಿನಲ್ಲೂ ಹಾಗೆಯೇ ಆಯಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಏನೋ ಇದು, ನಿನ್ನ ಗಾಡಿಗೆ ಹೊಸ ಮೆಟ್ಟು ಕಚ್ಚುತ್ತಾ? ಬೆಟ್ಟದುದ್ದಕ್ಕೂ ಅಳ್ತಾ ಇಳೀತಲ್ಲ.”

“ಒಂದೆರಡು ಸಲ ಓಡಿದರೆ ಸರಿಹೋಗುತ್ತೆ ಅಕ್ಕ.”

“ಮೆಟ್ಟಾದರೆ ಎಣ್ಣೆ ಹಚ್ಚಿ ಮೆತ್ತಗೆ ಮಾಡಬಹುದು. ಇದಕ್ಕೆ ಯಾವ ಎಣ್ಣೆ ಹಚ್ಚುತ್ತೀಯ? ಕಾಲು ನೋಡದೆ ಮೆಟ್ಟು ತಂದಿದ್ದೀಯ. ಸುಮ್ಮನೆ ಹಳೆಯದನ್ನೇ ಹಾಕಿಸು ಹೋಗು.”

ಸಾಮಾನು ಕೊಳ್ಳಲು ಬಂದಿದ್ದ ಹೆಂಗಸರು ನಕ್ಕರು. ಅಕ್ಕನೂ ನಕ್ಕಳು. ಅದು ಮನೆಯ ನಗು. ವ್ಯಾಪಾರಿಗೆ ಪೇಟೆಯ ನಗುವಿನಂತೆ ಕೇಳಿಸಿತು. ಅಂದು ಅವನು ಬಡಿಸಿದ್ದನ್ನು ಅರ್ಧ ಉಂಡು ಎದ್ದ.

ಮರುದಿನ ಗ್ಯಾರೇಜಿಗೆ ಹೋದ. ಮೇಸ್ತ್ರಿ ಚಕ್ರದ ಹಿಂದೆ ಕೈಯಾಡಿಸಿ ನೋಡಿ ಹೇಳಿದ.

“ಇಲ್ಲಿ ಎರಡು ಬೋಲ್ಟ್ ಇವೆ ಯಜಮಾನ್ರೇ. ಚಕ್ರ ಎಷ್ಟು ತಿರುಗಬೇಕು ಅನ್ನೋದಕ್ಕೆ ಇವೇ ತಡೆ. ಇವನ್ನು ಸ್ವಲ್ಪ ಹೊರಗೆ ಎಳೆದರೆ, ತಾಗೋದಕ್ಕೆ ಮುಂಚೆಯೇ ಚಕ್ರ ನಿಂತುಬಿಡುತ್ತೆ. ಏನು ಮಾಡಲಿ? ಹಳೆಯ ಅಳತೆ ಹಾಕಲಾ, ತಿರುಗೋದನ್ನ ಕಡಿಮೆ ಮಾಡಲಾ? ನನಗೆ ಎರಡೂ ಒಂದೇ.”

ಗ್ಯಾರೇಜಿನ ಮುಂದೆ ಪೇಟೆಯ ಜನ ಟೀ ಕುಡಿಯುತ್ತ ನಿಂತಿದ್ದರು. ವ್ಯಾಪಾರಿ ಅವರತ್ತ ಒಮ್ಮೆ ನೋಡಿದ.

“ಕಡಿಮೆ ಮಾಡು” ಎಂದ.

ಆಮೇಲೆ ಚಕ್ರ ಎಲ್ಲಿಯೂ ತಾಗಲಿಲ್ಲ. ಸದ್ದಿಲ್ಲ, ವಾಸನೆಯಿಲ್ಲ. ನೇರ ರಸ್ತೆಯಲ್ಲಿ ಗಾಡಿಗೆ ಯಾವ ಕೊರತೆಯೂ ತಿಳಿಯುತ್ತಿರಲಿಲ್ಲ. ಕಣಿವೆಗೆ ಇಳಿದಾಗ ಮಾತ್ರ ತಿಳಿಯಿತು. ಒಂದೇ ಎಳೆತಕ್ಕೆ ತಿರುಗುತ್ತಿದ್ದ ಗಾಡಿ ನಡುತಿರುವಿನಲ್ಲಿ ಕಮರಿಗೆ ಮುಖ ಮಾಡಿ ನಿಂತಿತು. ಹಿಂದಕ್ಕೆ ತೆಗೆದು ಮತ್ತೆ ತಿರುಗಿಸಬೇಕಾಯಿತು. ಮುಂದಿನ ತಿರುವಿನಲ್ಲಿ ಹಿಂದಕ್ಕೆ ತೆಗೆಯುವಾಗ ಹಿಂದಿನ ಚಕ್ರ ಅಂಚಿನ ಕಲ್ಲುಗಳನ್ನು ಸಡಿಲಿಸಿತು. ಕಲ್ಲುಗಳು ಉರುಳಿದವು. ಅವು ತಳ ಮುಟ್ಟಿದ ಸದ್ದು ಅವನಿಗೆ ಬಹಳ ತಡವಾಗಿ ಕೇಳಿಸಿತು.

ಅಂದು ಅಕ್ಕನ ಮನೆಯಲ್ಲಿ ಅವನು ಊಟಕ್ಕೂ ನಿಲ್ಲದೆ ಹೊರಟ. ಅಕ್ಕ ಯಾಕೆಂದು ಕೇಳಿದಳು. ಏನಿಲ್ಲವೆಂದ.

ಅದೇ ಕೊನೆ. ಆಮೇಲೆ ಅವನು ಕಣಿವೆಗೆ ಇಳಿಯಲಿಲ್ಲ. ದಾರಿ ಇಳಿಯಲು ಶುರುವಾಗುವ ಕಡೆ, ಬೆಟ್ಟದ ಮೇಲೆ, ಒಂದು ಕಲ್ಲುಕಟ್ಟೆಯಿತ್ತು. ಅಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ. ಕೆಳಗಿನವರು ಹತ್ತಿ ಬಂದು ಸಾಮಾನು ಕೊಳ್ಳುತ್ತಿದ್ದರು. ಮೊದಮೊದಲು ಗೊಣಗಿದರು. ಆಮೇಲೆ ರೂಢಿಯಾಯಿತು. ಗಾಡಿಗೆ ಪೆಟ್ಟಿಲ್ಲ, ನನಗೆ ಅಪಾಯವಿಲ್ಲ, ಅವರಿಗೆ ಸಾಮಾನು ತಪ್ಪಿಲ್ಲ ಎಂದು ವ್ಯಾಪಾರಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ಅಕ್ಕನೂ ಹತ್ತಿ ಬರುತ್ತಿದ್ದಳು. ಬಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಅವನು ಕಲ್ಲುಕಟ್ಟೆಯ ಮೇಲೆ ಕುಳಿತು ಉಣ್ಣುತ್ತಿದ್ದ.

“ನಡೆದಾದರೂ ಇಳಿದು ಬಾರೋ. ಮನೆಯಲ್ಲಿ ಕೂತು ಬಿಸಿದು ಉಣ್ಣು.”

“ಸಾಮಾನು ಬಿಟ್ಟು ಬರೋದು ಹೇಗಕ್ಕ?”

“ಹಾಗಾದರೆ ಆ ಚಕ್ರ ಬಿಚ್ಚಿ ಎಸೆ.”

“ಬಿಚ್ಚಿಸ್ತೀನಿ. ಈ ಸುಗ್ಗಿ ಮುಗೀಲಿ.”

ಸುಗ್ಗಿ ಮುಗಿಯಿತು. ಅವನು ದಿನವೂ ಗ್ಯಾರೇಜಿನ ಮುಂದೆಯೇ ಹೋಗುತ್ತಿದ್ದ. ಬೇವಿನ ಮರಕ್ಕೆ ಒರಗಿದ ಹಳೆಯ ಚಕ್ರಗಳು ಕಣ್ಣಿಗೆ ಬೀಳುತ್ತಿದ್ದವು. ಒಮ್ಮೆ ಮೇಸ್ತ್ರಿ, “ಇವನ್ನು ಗುಜರಿಗೆ ಹಾಕಿಬಿಡಲಾ?” ಎಂದು ಕೇಳಿದ. “ಇರಲಿ” ಎಂದ ವ್ಯಾಪಾರಿ. ಬದಲಿಸಬೇಕೆಂದು ಅವನಿಗೆ ಮನಸ್ಸಿತ್ತು. ಬದಲಿಸುವಾಗ ನೋಡುವ ಜನ ಇರಬಾರದು ಎಂಬುದಷ್ಟೇ ಅವನ ಆಸೆ. ಪೇಟೆಯಲ್ಲಿ ಜನವಿಲ್ಲದ ದಿನ ಬರಲಿಲ್ಲ.

ಮಳೆಗಾಲದಲ್ಲಿ ಅಕ್ಕ ಏರುದಾರಿಯಲ್ಲಿ ಜಾರಿ ಬಿದ್ದಳು. ಮೊಣಕಾಲು ಊದಿಕೊಂಡಿತು. ಆಮೇಲೆ ಹತ್ತಿ ಬರುವುದು ನಿಂತಿತು. ವೈದ್ಯರು ಹೇಳಿದ ದಿನ ಬಂತು. ಕಲ್ಲುಕಟ್ಟೆಯವರೆಗೆ ಬಂದರೆ ಕರೆದೊಯ್ಯುತ್ತೇನೆಂದು ತಮ್ಮ ಕೆಳಗಿನವರ ಕೈಲಿ ಹೇಳಿ ಕಳಿಸಿದ. ಕಾಲು ಊರಲಾಗುತ್ತಿಲ್ಲವೆಂದು ಅವಳು ಹೇಳಿ ಕಳಿಸಿದಳು. ಮುಂದಿನ ತಿಂಗಳು ನೋಡೋಣವೆಂದು ಅವನು ಮತ್ತೆ ಹೇಳಿ ಕಳಿಸಿದ. ತಿಂಗಳುಗಳು ಹಾಗೆಯೇ ಹೋದವು.

ಹನಿಯ ಸೀಸೆಯನ್ನು ಮಾತ್ರ ಅವನು ತಪ್ಪಿಸಲಿಲ್ಲ. ಅಕ್ಕನ ಸಾಮಾನಿನ ಗಂಟಿನಲ್ಲಿ ಕಟ್ಟಿ ಕಲ್ಲುಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದ. ಯಾರಾದರೂ ಕೆಳಗೆ ಹೋಗುವವರು ಆ ಗಂಟನ್ನು ಎತ್ತಿಕೊಳ್ಳಬೇಕು. ಕೆಲವೊಮ್ಮೆ ಅಂದೇ ಎತ್ತಿಕೊಳ್ಳುತ್ತಿದ್ದರು. ಕೆಲವೊಮ್ಮೆ ಮರುದಿನ. ಬೇಸಿಗೆಯಲ್ಲಿ ಆ ಕಲ್ಲು ಕಾದು ಬೆಲ್ಲ ಕರಗಿ ಗಂಟು ಒದ್ದೆಯಾಗಿರುತ್ತಿತ್ತು. ಸೀಸೆ ಅದೇ ಬೆಲ್ಲದ ಪಕ್ಕದಲ್ಲಿ ಇರುತ್ತಿತ್ತು.

ಅಕ್ಕ ಹನಿಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಸೀಸೆಯೊಳಗಿದ್ದುದು ಔಷಧವಾಗಿ ಉಳಿದಿರಲಿಲ್ಲ.

ಅವಳಿಗೆ ಮೊದಲು ಹೋದದ್ದು ಬದಿಯ ನೋಟ. ನೇರಕ್ಕೆ ಕಾಣುತ್ತಿತ್ತು, ಎಡಬಲ ಕಾಣುತ್ತಿರಲಿಲ್ಲ. ನೇರಕ್ಕೆ ಕಾಣುತ್ತಿದ್ದುದರಿಂದ ಅವಳಿಗೂ ಬಹಳ ದಿನ ಅದು ತಿಳಿಯಲಿಲ್ಲ. ಬಾಗಿಲ ಚೌಕಟ್ಟು ಭುಜಕ್ಕೆ ತಾಗಿದಾಗ ವಯಸ್ಸಾಯಿತು ಎಂದುಕೊಂಡಳು.

ಒಂದು ಸಂತೆಯ ದಿನ ಕಣಿವೆಯ ರೈತನೊಬ್ಬ ಕುಡುಗೋಲು ಕೊಳ್ಳಲು ಪೇಟೆಗೆ ಬಂದಿದ್ದ. ವ್ಯಾಪಾರಿಯನ್ನು ಕಂಡು ಕ್ಷೇಮ ಕೇಳಿದ. ಹೊರಡುವಾಗ ಹೇಳಿದ.

“ನಿಮ್ಮ ಅಕ್ಕಯ್ಯ ಈಗ ಹೊಸ್ತಿಲನ್ನು ಕೈಯಲ್ಲಿ ಮುಟ್ಟಿ ನೋಡಿ ದಾಟುತ್ತಾರೆ. ನಿಮಗೆ ಗೊತ್ತೇ ಇರುತ್ತೆ ಬಿಡಿ.”

ವ್ಯಾಪಾರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗುಜರಿ ಅಂಗಡಿಗೆ ಹೋದ. ಹಳೆಯ ಅಳತೆಯ ಆ ಜೋಡಿ ಇಟ್ಟಲ್ಲೇ ಇತ್ತು. ಯಾರೂ ಕೊಂಡಿರಲಿಲ್ಲ. ಗ್ಯಾರೇಜಿಗೆ ತಂದ. ಮೇಸ್ತ್ರಿ ಬೇವಿನ ಮರದಡಿಯ ಚಕ್ರಗಳನ್ನು ಉರುಳಿಸಿಕೊಂಡು ಬಂದ. ದೊಡ್ಡ ಚಕ್ರಗಳನ್ನು ಬಿಚ್ಚಿ ಹಳೆಯ ಅಳತೆಯ ನಾಲ್ಕನ್ನು ಹಾಕಿದ. ಆಮೇಲೆ ಆ ಎರಡು ಬೋಲ್ಟುಗಳ ಕೆಲಸ. ವ್ಯಾಪಾರಿ ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬೋಲ್ಟುಗಳು ತಮ್ಮ ಮೊದಲಿನ ಜಾಗಕ್ಕೆ ಹೋಗಿದ್ದವು.

ಅಷ್ಟರಲ್ಲಿ ಎಣ್ಣೆ ವ್ಯಾಪಾರಿ ಆ ದಾರಿಯಲ್ಲಿ ಬಂದ. ಗಾಡಿ ನೋಡಿದ. “ಓ, ಹಳೆಯದನ್ನೇ ಹಾಕಿಸಿದೆಯಾ. ಒಳ್ಳೆಯದಾಯಿತು” ಎಂದ. ನಗಲಿಲ್ಲ. ನಿಲ್ಲಲೂ ಇಲ್ಲ. ಯಾವ ನಗುವಿಗೆ ಹೆದರಿ ವ್ಯಾಪಾರಿ ಅಷ್ಟು ದಿನ ಬಳಸು ದಾರಿ ಹಿಡಿದಿದ್ದನೋ, ಆ ನಗು ಎಲ್ಲಿಯೂ ಇರಲಿಲ್ಲ.

ಅವನು ಕಣಿವೆಗೆ ಇಳಿದ. ಮೊದಲ ತಿರುವಿನಲ್ಲಿ ಗಾಡಿ ಒಂದೇ ಎಳೆತಕ್ಕೆ ತಿರುಗಿತು. ಎಲ್ಲ ತಿರುವುಗಳಲ್ಲೂ ಹಾಗೆಯೇ ತಿರುಗಿತು. ದಾರಿಯಲ್ಲಿ ಏನೂ ಬದಲಾಗಿರಲಿಲ್ಲ. ಕೊನೆಯ ತಿರುವಿಗೆ ಬಂದಾಗ ಅಕ್ಕನ ಮನೆಯ ಬಾಗಿಲು ಕಂಡಿತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಗಾಡಿ ನಿಲ್ಲಿಸಿ ಒಳಗೆ ಹೋದ. ಅಕ್ಕ ಮೊರವನ್ನು ಮಡಿಲಲ್ಲಿಟ್ಟುಕೊಂಡು ಹುರುಳಿಯ ಕಲ್ಲು ಆರಿಸುತ್ತಿದ್ದಳು. ಬೆರಳುಗಳಿಂದ ಒಂದೊಂದನ್ನೇ ಮುಟ್ಟಿ ಆರಿಸುತ್ತಿದ್ದಳು. ಮುಖ ಗೋಡೆಯ ಕಡೆಗಿತ್ತು.

“ಯಾರು?”

“ನಾನು ಅಕ್ಕ.”

ಬೆರಳುಗಳು ನಿಂತವು.

“ಗಾಡಿ ಇಳಿದ ಸದ್ದು ಕೇಳಲಿಲ್ವಾ ಅಕ್ಕ?”

“ಕೇಳಿತು. ಆ ಸದ್ದು ನನಗೆ ದಿನಾ ಕೇಳುತ್ತೆ ಕಣೋ. ಎಸರಿಟ್ಟು ಬಾಗಿಲಿಗೆ ಬರ್ತಿದ್ದೆ. ಯಾರೂ ಇರ್ತಿರಲಿಲ್ಲ. ಕಾದ ನೀರು ಚೆಲ್ಲಿ ಚೆಲ್ಲಿ ಬೇಜಾರಾಯ್ತು. ಈಗ ಕೇಳಿದರೂ ಏಳೋದಿಲ್ಲ.”

ಅವನು ಅವಳ ಎದುರಿಗೆ ಕುಳಿತ. ಅವಳು ಕೈಚಾಚಿ ಅವನ ತಲೆ ಮುಟ್ಟಿದಳು, ಭುಜ ಮುಟ್ಟಿದಳು. ಇಳಿದುಹೋಗಿದ್ದೀಯ ಎಂದಳು. ಆಮೇಲೆ ಕೇಳಿದಳು.

“ಚಕ್ರ ಸರಿಮಾಡಿಸಿದೆಯಾ?”

“ಮಾಡಿಸಿದೆ.”

“ಎಷ್ಟು ಹೊತ್ತು ಹಿಡೀತು?”

ಅವನು ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ.

“ಬೆಳಿಗ್ಗೆ ಹೋದೆ. ಬಿಸಿಲು ಏರೋ ಹೊತ್ತಿಗೆ ಮುಗೀತು.”

ಅಕ್ಕ ತಲೆಯಾಡಿಸಿದಳು. ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಹುರುಳಿ ಮುಟ್ಟತೊಡಗಿದಳು.

ಅಂದೇ ಅವಳನ್ನು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಪಟ್ಟಣಕ್ಕೆ ಕರೆದೊಯ್ದ. ವೈದ್ಯರು ಎರಡೂ ಕಣ್ಣುಗಳಿಗೆ ಬೆಳಕು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಲಿಲ್ಲ. ಮೊದಲೇ ಹೇಳಿದ್ದೆನಲ್ಲ ಎಂದರು. ಅವಳಿಗೆ ಹೇಳಲಿಲ್ಲ, ಅವನಿಗೆ ಹೇಳಿದರು. ಬರುವಾಗ ಇಳಿಜಾರಿನಲ್ಲಿ ಗಾಡಿ ಸಲೀಸಾಗಿ ತಿರುಗಿತು. ಪ್ರತಿ ತಿರುವಿನಲ್ಲೂ ಅಕ್ಕನ ಮೈ ತಿರುವಿನ ಕಡೆಗೆ ವಾಲುತ್ತಿತ್ತು. ಅವಳು ತಿರುವುಗಳನ್ನು ಎಣಿಸುತ್ತಿದ್ದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಮರಿದೇವ ಕೇಳಿದ.

“ಈಗ ಅವನು ವಾರವಾರವೂ ಇಳಿಯುತ್ತಾನೆಯೇ?”

“ಇಳಿಯುತ್ತಾನೆ.”

“ಕೊನೆಗಾದರೂ ತಿದ್ದಿಕೊಂಡನಲ್ಲ ಗುರುಗಳೇ. ಅಕ್ಕ ಇನ್ನೂ ಇದ್ದಾಳೆ, ದಾರಿಯೂ ಇದೆ. ಅಷ್ಟಾದರೂ ಉಳಿಯಿತಲ್ಲ.”

ಅಷ್ಟರಲ್ಲಿ ಮೊದಲ ಪಂಕ್ತಿಯ ಊಟದ ಗಂಟೆ ಹೊಡೆಯಿತು. ಮರಿದೇವ ಎದ್ದ. ಕೊಟ್ಟಿಗೆಯ ಕಡೆಗೆ ಹೋಗುವುದು ಅವನ ರೂಢಿ. ಅಂದು ಆ ಕಡೆ ತಿರುಗಲಿಲ್ಲ. ಜಗಲಿಯ ಮೆಟ್ಟಿಲಿಳಿದು ಕೈಕಾಲು ತೊಳೆದುಕೊಂಡು ಬಂದು ಗುರುಗಳ ಮುಂದೆ ಕೈಮುಗಿದು ನಿಂತ.

“ಇವತ್ತು ಮೊದಲ ಪಂಕ್ತಿಯಲ್ಲಿ ಗುರುಪಾದಯ್ಯನವರ ಪಕ್ಕದಲ್ಲಿ ಕೂರುತ್ತೇನೆ. ಅವರು ಹಾಕಿದ ಎಲೆಯಲ್ಲೇ ಉಣ್ಣುತ್ತೇನೆ. ಉಣ್ಣುವ ಮೊದಲು ಕೇಳಬೇಕಾದ ಕ್ಷಮೆ ಕೇಳುತ್ತೇನೆ.”

ಗುರುಗಳು ಅವನ ಮುಖ ನೋಡಿದರು.

“ಹೋಗು ಮರಿದೇವ, ಆದರೆ ನಿನ್ನ ಎಲೆಯನ್ನು ನೀನೇ ತೆಗೆದುಕೊಂಡು ಹೋಗು, ಅವರು ನಿನ್ನೆಯಿಂದ ಒಂದೇ ಎಲೆ ಹಾಕಿಕೊಳ್ಳುತ್ತಿದ್ದಾರೆ.”